ಮಾತ್ರೆ ಬಿಡೋದು ಯಾವಾಗ?

ಎರಡು ವಾರ ಕೆಮ್ಮು ಬಿಡಲಿಲ್ಲವೇ? ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯ ಇರಬಹುದು. ಕ್ಷಯಕ್ಕೆ ಟಿ.ಬಿ. ಅಂತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಪುಕ್ಕಟೆ. ಸಾಮಾನ್ಯವಾಗಿ 6 ತಿಂಗಳು ನುಂಗಬೇಕು.

ಒಂದೆರಡು ತಿಂಗಳಿಗೆ ಕೆಮ್ಮು ತಗ್ಗುತ್ತದೆ. ಮೈ ತುಂಬುತ್ತದೆ. ಆಗ ಮನೆಯವರು, “ವಾಸಿ ಆಯ್ತಲ್ಲ, ಇನ್ಯಾಕೆ ಮಾತ್ರೆ? ಉಷ್ಣ ಆಗ್ತದೆ, ಬಿಡು” ಅಂತಾರೆ. ಡಾಕ್ಟರು, “ಬಿಡಬೇಡಿ” ಅಂತಾರೆ. ಯಾರ ಮಾತು ಕೇಳೋದು?

ಹೊಲದ ಗರಿಕೆ ನೋಡಿ. ಮೇಲೆ ಕಿತ್ತರೆ ಹೊಲ ಹಸನಾಗಿ ಕಾಣುತ್ತದೆ. ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಟಿ.ಬಿ. ರೋಗಾಣುವೂ ಹಾಗೇ. ನಡುವೆ ಮಾತ್ರೆ ಬಿಟ್ಟರೆ ರೋಗ ಮರಳಬಹುದು. ಆಗ ಹಳೆಯ ಮಾತ್ರೆಗೆ ಅದು ಬಗ್ಗದೆ ಹೋಗಬಹುದು. ಮನೆಯ ಮಕ್ಕಳಿಗೂ ಅಂಟಬಹುದು.

ಈ ಮಾತ್ರೆಯಿಂದ ಮೂತ್ರ ಕೆಂಪಾಗುತ್ತದೆ. ಅದು ರಕ್ತ ಅಲ್ಲ, ಮಾತ್ರೆಯ ಬಣ್ಣ. ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ನೋಟ ಮಂಜಾದರೆ, ವಾಂತಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಡಾಕ್ಟರಿಗೆ ಏನನ್ನೂ ಮುಚ್ಚಿಡಬೇಡಿ. ಬಸುರಿಯಾಗಿದ್ದರೆ ಹೇಳಿ. ಮಕ್ಕಳಾಗದಂತೆ ಗುಳಿಗೆ ನುಂಗುತ್ತಿದ್ದರೆ ನಾಚದೆ ಹೇಳಿ. ಟಿ.ಬಿ. ಮಾತ್ರೆ ಆ ಗುಳಿಗೆಯ ಶಕ್ತಿ ತಗ್ಗಿಸುತ್ತದೆ. ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

“ಈ ಮಾತ್ರೆ ಯಾಕೆ? ಎಷ್ಟು ದಿನ?” ಅಂತ ಕೇಳಿ. ಕೇಳೋದು ತಪ್ಪಲ್ಲ. ತಿಳಿದುಕೊಂಡು ನುಂಗಿ. ಬಿಡುವುದಿದ್ದರೆ ಡಾಕ್ಟರನ್ನು ಕೇಳಿಯೇ ಬಿಡಿ.

ಉತ್ತರ ಬರೆಯಿರಿ:
1. ಮಾತ್ರೆ ನಡುವೆ ಬಿಟ್ಟರೆ ಏನಾಗಬಹುದು?
2. ಯಾವಾಗ ಅಂದೇ ಆಸ್ಪತ್ರೆಗೆ ಹೋಗಬೇಕು?
3. ಡಾಕ್ಟರಿಗೆ ಏನೇನು ಹೇಳಬೇಕು?