ವೃದ್ಧಸೇವೆಯೂ ದಾಸೋಹವೇ

ದಾಸೋಹವೆಂದರೆ ಬರಿಯ ಅನ್ನದಾನವಲ್ಲ. ಕೊಡುವೆನೆಂಬ ಅಹಂಕಾರವಳಿದು, ಕಾಯಕದಿಂದ ಬಂದುದನ್ನು ಸೇವಾಭಾವದಿಂದ ಸಲ್ಲಿಸುವುದೇ ದಾಸೋಹ. ಮಠದ ಪಂಕ್ತಿಗೆ ಅಕ್ಕಿಯ ಚೀಲವನ್ನು ಕಳುಹಿಸಿ, ಪಡಸಾಲೆಯ ಮೂಲೆಯಲ್ಲಿ ಮಲಗಿದ ತಾಯಿಯನ್ನು ಮಾತನಾಡಿಸದವನ ದಾಸೋಹವು ಅಪೂರ್ಣವೇ ಸರಿ.

ಈ ಧರ್ಮವು ನಮ್ಮ ನೆಲಕ್ಕೆ ಹೊಸತಲ್ಲ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವು ದೊರೆಯಿತು. ಅದೇ ಅರಸನ ಬ್ರಹ್ಮಗಿರಿಯ ಶಾಸನವು ತಂದೆತಾಯಿಗಳ ಸೇವೆಯನ್ನು ವಿಧಿಸುತ್ತದೆ.

ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಅನೇಕ ತರುಣರು ದುಡಿಮೆಗಾಗಿ ದೂರದ ಊರುಗಳಿಗೆ ಹೋಗುತ್ತಾರೆ. ಮನೆಯಲ್ಲಿ ಮುಪ್ಪಿನವರು ಉಳಿಯುತ್ತಾರೆ. ಇಂಥವರಿಗೆ ಸರಕಾರದ ನೆರವುಂಟು. 65 ವರ್ಷ ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಮಾಸಾಶನವಿದೆ. 14567 ಎಂಬ ಸಹಾಯವಾಣಿಯು ಶುಲ್ಕವಿಲ್ಲದೆ ಹಿರಿಯರ ಅಳಲನ್ನು ಕೇಳುತ್ತದೆ. 2007ರ ಕಾಯಿದೆಯಂತೆ, ಮಕ್ಕಳು ಕಡೆಗಣಿಸಿದ ತಂದೆತಾಯಿಗಳು ಜೀವನಾಂಶಕ್ಕಾಗಿ ಉಪವಿಭಾಗದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಈ ಸೀಮೆಗೆ ಲಿಂಗಸುಗೂರೇ ಉಪವಿಭಾಗದ ಕೇಂದ್ರ. ಹೊಲವನ್ನು ಮಕ್ಕಳಿಗೆ ದಾನಪತ್ರ ಬರೆದುಕೊಡುವ ಹಿರಿಯರು, ತಮ್ಮ ಯೋಗಕ್ಷೇಮವನ್ನು ನೋಡಿಕೊಳ್ಳತಕ್ಕುದೆಂಬ ಕರಾರನ್ನು ಅದರಲ್ಲಿಯೇ ಬರೆಯಿಸುವುದು ವಿವೇಕ. ಕರಾರು ತಪ್ಪಿದರೆ ಆ ಪತ್ರವನ್ನು ಅನೂರ್ಜಿತವೆಂದು ಸಾರುವ ಅಧಿಕಾರವು ಮಂಡಳಿಗಿದೆ. ಇವುಗಳನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಆದರೆ ಮಾಸಾಶನವು ಔಷಧಿಯನ್ನು ತಂದೀತು. ಕೈಹಿಡಿದು ಇಷ್ಟಲಿಂಗಪೂಜೆಗೆ ಕುಳ್ಳಿರಿಸಲಾರದು. ಆ ಸೇವೆಯನ್ನು ಸೊಸೆಯೊಬ್ಬಳ ಮೇಲೆಯೇ ಹೊರಿಸತಕ್ಕುದಲ್ಲ; ಮಗನೂ ಮೊಮ್ಮಕ್ಕಳೂ ಅದರಲ್ಲಿ ಪಾಲುಗೊಳ್ಳಬೇಕು. ಅವರು ದೂರವಿದ್ದಲ್ಲಿ, ಓಣಿಯ ಭಕ್ತರು ಸರದಿಯಂತೆ ದಿನಕ್ಕೊಮ್ಮೆ ಹೋಗಿ, ಉಣಿಸುಡಿಗೆಗಳನ್ನು ವಿಚಾರಿಸಿ, ಆಸ್ಪತ್ರೆಗೂ ಕಚೇರಿಗೂ ಜೊತೆಯಾಗಿ ನಡೆಯಲಿ. ಅದೂ ಜಂಗಮಸೇವೆಯೇ ಎಂದು ಸದ್ಭಕ್ತರು ಭಾವಿಸತಕ್ಕುದು.