ಸಂಬಳದಲ್ಲಿ ಮುರಿದುಕೊಳ್ಳುವ ಮುನ್ನ

ಸರ್ಕಾರ ತನ್ನ ನೌಕರರ ಸಂಬಳದಲ್ಲಿ ಮುರಿದುಕೊಳ್ಳುವ ಹಣ ಎರಡು ಬಗೆಯದು. ಹಬ್ಬದ ಮುಂಗಡ, ಮನೆ ಕಟ್ಟಲು ತೆಗೆದುಕೊಂಡ ಸಾಲ ನಾವೇ ಕೇಳಿ ಪಡೆದವು; ಕಂತು ಎಷ್ಟೆಂದು ಮೊದಲೇ ಗೊತ್ತು, ತಕರಾರಿಲ್ಲ. ಇನ್ನೊಂದು, ಕಚೇರಿಯೇ ವೇತನ ನಿಗದಿಯಲ್ಲಿ ತಪ್ಪಿ ವರ್ಷಗಟ್ಟಲೆ ಹೆಚ್ಚು ಕೊಟ್ಟು, ಆಮೇಲೆ ವಸೂಲಿ ಆದೇಶ ಹೊರಡಿಸುವ ಹಣ. ಲೆಕ್ಕ ಶಾಖೆಯಲ್ಲಿ ಸಂಬಳದ ಬಿಲ್ಲು ಮಾಡುತ್ತಿದ್ದ ಕಾಲದಲ್ಲಿ ನನ್ನನ್ನು ಕಾಡಿದ್ದು ಈ ಎರಡನೆಯದು.

ಇದು ಹೊರಬೀಳುವುದು ಬಹುಪಾಲು ನಿವೃತ್ತಿಯ ಹೊತ್ತಿಗೆ. ಪಿಂಚಣಿ ಕಾಗದಪತ್ರ ಮಹಾಲೇಖಪಾಲರ ಕಚೇರಿಗೆ ಹೋಗಬೇಕಾದಾಗ ಸೇವಾ ಪುಸ್ತಕದ ಹಳೆಯ ಪುಟಗಳನ್ನು ತಿರುವಿ ನೋಡುತ್ತಾರೆ. ಯಾವಾಗಲೋ ಸಿಕ್ಕ ಕಾಲಮಿತಿ ಬಡ್ತಿಯಲ್ಲಿ ಒಂದು ಇನ್‌ಕ್ರಿಮೆಂಟ್ ಹೆಚ್ಚಾಗಿ ಸೇರಿರುವುದು ಆಗ ಕಣ್ಣಿಗೆ ಬೀಳುತ್ತದೆ. ಒಂದೇ ಇನ್‌ಕ್ರಿಮೆಂಟ್, ಆದರೆ ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಮುಂದಿನ ವೇತನ ಪರಿಷ್ಕರಣೆ ಎಲ್ಲವೂ ಸೇರಿ ಮೊತ್ತ ಲಕ್ಷ ದಾಟಿರುತ್ತದೆ.

ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನನ್ನ ಅಕ್ಕನಿಗೂ ಹೀಗೇ ಆಯಿತು. ಗ್ರಾಚ್ಯುಟಿ ಬಂದರೆ ಮಗಳ ಮದುವೆಯ ಸಾಲ ತೀರಿಸೋಣವೆಂದಿದ್ದವಳಿಗೆ, ಅದರಲ್ಲೇ ಮುರಿದುಕೊಳ್ಳುತ್ತೇವೆಂಬ ಪತ್ರ ಬಂತು. ‘ನಾನು ಕೇಳಿದ್ನಾ? ಅವರೇ ಕೊಟ್ಟಿದ್ದಲ್ವೇನೇ?’ ಅಂದಳು.

ಅವಳ ಮಾತಿಗೆ ಕಾನೂನಿನ ಬಲವಿದೆ. 2014ರ ಡಿಸೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರಿಂದ, ನಿವೃತ್ತರಾದವರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ಇಂಥ ವಸೂಲಿ ಸಲ್ಲದು ಎಂದಿತು. ಐದು ವರ್ಷಕ್ಕೂ ಮೀರಿ ಹೆಚ್ಚುವರಿ ಹಣ ಕೊಡುತ್ತಾ ಬಂದಿದ್ದರೂ ಅಷ್ಟೇ. ಕೇರಳದ ಶಿಕ್ಷಕ ಥಾಮಸ್ ಡೇನಿಯಲ್ ಅವರ ಪ್ರಕರಣದಲ್ಲಿ 2022ರಲ್ಲಿ ಅದೇ ನಿಲುವು ತಳೆಯಿತು. ಇದು ನೌಕರನ ಹಕ್ಕೆಂದಲ್ಲ, ಅವನ ಕಷ್ಟ ನೋಡಿ ತೋರುವ ನ್ಯಾಯ; ನೌಕರ ಮೋಸ ಮಾಡಿದ್ದರೆ, ಸುಳ್ಳು ಹೇಳಿ ಪಡೆದಿದ್ದರೆ ಸಿಗುವುದಿಲ್ಲ. ಈ ತೀರ್ಪುಗಳನ್ನು ಲಗತ್ತಿಸಿ ಅಕ್ಕನಿಂದ ಆಕ್ಷೇಪಣೆ ಬರೆಸಿದೆ. ವಸೂಲಿ ಕೈಬಿಟ್ಟರು. ಪಿಂಚಣಿಯನ್ನು ಮಾತ್ರ ಸರಿಯಾದ ವೇತನದ ಮೇಲೆ ಲೆಕ್ಕ ಹಾಕಿ ಸ್ವಲ್ಪ ಇಳಿಸಿದರು. ಅದು ನ್ಯಾಯವೇ.

ಒಂದು ಎಚ್ಚರಿಕೆ ಇದೆ. 2016ರಲ್ಲಿ ಜಗದೇವ್ ಸಿಂಗ್ ಎಂಬ ನ್ಯಾಯಾಂಗ ಅಧಿಕಾರಿಯ ಪ್ರಕರಣದಲ್ಲಿ ಅದೇ ಕೋರ್ಟ್, ಹೆಚ್ಚು ಪಡೆದಿದ್ದರೆ ಹಿಂದಿರುಗಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಎಂದು ವಸೂಲಿಯನ್ನು ಎತ್ತಿಹಿಡಿಯಿತು. ಕಂತುಗಳಲ್ಲಿ ಪಡೆಯಿರಿ ಎಂದೂ ಹೇಳಿತು. ವೇತನ ಪರಿಷ್ಕರಣೆ ಬಂದಾಗ ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕುವವರು ಇದನ್ನು ತಿಳಿದಿರಬೇಕು.

ಸಾಲ ಕೊಟ್ಟ ಖಾಸಗಿ ವ್ಯಕ್ತಿ ಕೋರ್ಟಿನಿಂದ ಡಿಕ್ರಿ ತಂದರೂ ಸಂಬಳವನ್ನೆಲ್ಲ ಜಪ್ತಿ ಮಾಡಿಸಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ನೌಕರನಿಗೇ. ವಿನಾಯಿತಿಯ ಭತ್ಯೆ ಬಿಟ್ಟು ಸಂಬಳ 31,000 ಇದ್ದರೆ 10,000ಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ. ಹೊರಗಿನವನಿಗೇ ಇಷ್ಟು ಮಿತಿ ಇರುವಾಗ, ನೋಟಿಸು ಕೂಡ ಕೊಡದೆ ಒಂದೇ ತಿಂಗಳಲ್ಲಿ ಅಡಿಗೆ ಮನೆಯ ದುಡ್ಡನ್ನೇ ತಡೆಹಿಡಿಯುವ ಕಚೇರಿಯನ್ನು ನಾನು ಒಪ್ಪಲಾರೆ.

ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೌಕರನಿಗೆ ತೋರಿಸಿ ಸಹಿ ಪಡೆಯಬೇಕು. ತೋರಿಸದಿದ್ದರೆ ಲಿಖಿತವಾಗಿ ಕೇಳಿ. ಬಡ್ತಿ ಸಿಕ್ಕ ವರ್ಷದ ವೇತನ ನಿಗದಿ ಆದೇಶದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.