ಸುಂಕದ ರಿಯಾಯಿತಿಯೂ ನಮ್ಮ ಹಾಲಿನ ದರವೂ



ಕೈವಾರದ ಡೇರಿಗೆ ನೀವು ಹಾಕುವ ಹಾಲಿಗೂ ದೂರದೇಶದ ಸುಂಕಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ.

ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಮಾರಾಟವಾಗಿ ಉಳಿದದ್ದನ್ನು ಪುಡಿ, ಬೆಣ್ಣೆ ಮಾಡಬೇಕಾಗುತ್ತದೆ. ಪುಡಿಯ ದರ ಕುಸಿದರೆ ಆ ಹೊರೆ ಕೊನೆಗೆ ನಿಮ್ಮ ಬಟವಾಡೆಯ ಮೇಲೇ ಬೀಳುತ್ತದೆ. ಹೊರದೇಶದ ಅಗ್ಗದ ಪುಡಿಯನ್ನು ತಡೆಯುವುದು ಆಮದು ಸುಂಕ. ಹಿಂದೆ ಹಾಲಿನ ಪುಡಿಗೆ ಸುಂಕ ಹಾಕುವುದಿಲ್ಲವೆಂದು ಭಾರತ ಒಪ್ಪಿತ್ತು. ಮರುಮಾತುಕತೆ ನಡೆಸಿ, 2000ದ ಹೊತ್ತಿಗೆ ವರ್ಷಕ್ಕೆ 10,000 ಟನ್‌ವರೆಗೆ ಶೇ 15, ಅದನ್ನು ಮೀರಿದರೆ ಶೇ 60 ಸುಂಕ ಹಾಕುವ ಹಕ್ಕು ಪಡೆಯಿತು.

ಈಗ ರಿಯಾಯಿತಿಯ ಮಾತು. 1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೇಶಗಳು ಸೇರಿ, ಪರಸ್ಪರರ ಸರಕಿಗೆ ಸುಂಕ ಕಡಿಮೆ ಮಾಡಿಕೊಂಡವು. ನಮ್ಮ ಪರವಾಗಿ ಹೋದವರನ್ನು ನೇಮಿಸಿದ್ದು ಬ್ರಿಟಿಷ್ ಸರ್ಕಾರವೇ. ನಮಗೆ ಸಿಕ್ಕ ರಿಯಾಯಿತಿಗೆ ಬದಲಾಗಿ ಇಂಗ್ಲೆಂಡಿನ ಸರಕಿಗೆ ನಾವೂ ರಿಯಾಯಿತಿ ಕೊಡಬೇಕಿತ್ತು. 1936ರಲ್ಲಿ ಕೇಂದ್ರ ಶಾಸನಸಭೆ ಆ ಒಪ್ಪಂದ ಬೇಡವೆಂದು ನಿರ್ಣಯಿಸಿತು.

1968ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನದಲ್ಲಿ ಬೇರೆಯದೇ ತತ್ವಕ್ಕೆ ಒಪ್ಪಿಗೆ ದೊರೆಯಿತು: ಶ್ರೀಮಂತ ದೇಶಗಳು ಬಡ ದೇಶಗಳ ಸರಕಿಗೆ ಸುಂಕ ಇಳಿಸಬೇಕು, ಪ್ರತಿಯಾಗಿ ಏನನ್ನೂ ಕೇಳಬಾರದು. ಅಮೆರಿಕ ಇದನ್ನು 1976ರಿಂದ ಜಾರಿಗೊಳಿಸಿತು. ಆದರೆ ಕೊಡುವವರೇ ಷರತ್ತು ಬರೆಯುವುದರಿಂದ ಹಿಂತೆಗೆದುಕೊಳ್ಳುವ ಅಧಿಕಾರವೂ ಅವರದೇ.

2018ರಲ್ಲಿ ಅಮೆರಿಕದ ಹಾಲು ಉದ್ಯಮ ಮತ್ತು ವೈದ್ಯಕೀಯ ಉಪಕರಣ ತಯಾರಕರ ದೂರಿನ ಮೇಲೆ ಭಾರತದ ರಿಯಾಯಿತಿಯ ಪರಿಶೀಲನೆ ಶುರುವಾಯಿತು. ಮೆಲುಕು ಹಾಕುವ ಪ್ರಾಣಿಗಳ ಒಳಾಂಗ, ರಕ್ತ ಸೇರಿದ ಮೇವು ತಿನ್ನದ ಹಸುವಿನ ಹಾಲೆಂದು ಪ್ರಮಾಣಪತ್ರ ಬೇಕೆಂಬುದು ನಮ್ಮ ನಿಯಮ. ಅದನ್ನು ಭಾರತ ಬಿಡಲಿಲ್ಲ. 2019ರ ಜೂನ್ 5ರಂದು ರಿಯಾಯಿತಿ ನಿಂತಿತು. ಅದರ ಬೆಲೆ ತೆತ್ತವರು ಬೇರೆ ಸರಕು ರಫ್ತು ಮಾಡುವವರು. ಹಾಲಿನ ಮಾರುಕಟ್ಟೆಯ ಬಾಗಿಲು ಕಾದದ್ದಕ್ಕೆ ಇನ್ನೊಬ್ಬರ ಗಂಟು ಹೋಯಿತೆಂಬುದನ್ನು ನಾವು ಮರೆಯಬಾರದು.

ಸುಂಕ ಒಂದು ಬೇಲಿ ಮಾತ್ರ. ಬೇಲಿಯೊಳಗಿನ ಬೆಳೆ ನಮ್ಮ ಕೈಯಲ್ಲಿದೆ. ಹಸಿರು ಮೇವು ಬೆಳೆದು ಖರ್ಚು ತಗ್ಗಿಸಿ. ಔಷಧ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಹಾಲಿನಲ್ಲಿ ಎಷ್ಟು ಪಾಲು ಪುಡಿಯಾಗುತ್ತಿದೆ, ಆ ಪುಡಿ ಯಾವ ದರಕ್ಕೆ ಹೋಗುತ್ತಿದೆ?